ಮನೆಯಲ್ಲೊಂದು ಗೊದ್ದದ ಸಂಸಾರ

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ತೊಯ್ದ ಮೇಲೆ, ಗಾಳಿ ನಿಂತು ಸೆಕೆಯಾಗಿರುವ ಸಂಜೆಯ ಹೊತ್ತಿನಲ್ಲಿ, ದೀಪ ಹಚ್ಚಿದೊಡನೆ ಮನೆಯೊಳಕ್ಕೆ ನುಗ್ಗುವ ರೆಕ್ಕೆಯ ಹುಳುಗಳನ್ನು ಶಪಿಸದವರು ವಿರಳ. ಬೆಳಗಾಗುವ ಹೊತ್ತಿಗೆ ಜಗಲಿಯ ತುಂಬ ಉದುರಿದ ರೆಕ್ಕೆಗಳ ರಾಶಿ. ಇವುಗಳಲ್ಲಿ ಬಹುಪಾಲು ಗೆದ್ದಲಿನ ಹುಳುಗಳೇ. ಆದರೆ ಆ ರಾಶಿಯ ಪಕ್ಕದಲ್ಲಿ, ಗೋಡೆಯ ಬುಡದ ಸಂದುಗಳನ್ನು ತಡಕುತ್ತ ಒಂಟಿಯಾಗಿ ನಡೆಯುವ ದಪ್ಪನೆಯ ಕರಿಯ ಇರುವೆಯೊಂದು ಕಣ್ಣಿಗೆ ಬಿದ್ದರೆ, ಪೊರಕೆಯನ್ನು ಒಂದು ಗಳಿಗೆ ತಡೆಯುವುದು ಒಳ್ಳೆಯದು. ಮುಂದೆ ಸಾವಿರಾರು ಪ್ರಜೆಗಳಾಗಬಹುದಾದ ಒಂದು ಊರು ಆ ಇರುವೆಯ ಹೊಟ್ಟೆಯಲ್ಲಿ ಅಡಗಿದೆ. ಅದು ಗೊದ್ದದ ರಾಣಿ.

ಇಂತಹ ರಾಣಿಯನ್ನು ಹಿಡಿದು, ಗಾಜಿನ ನಳಿಗೆಯಲ್ಲಿಟ್ಟು, ಅದರ ಸಂಸಾರ ಬೆಳೆಯುವುದನ್ನು ವರ್ಷಗಟ್ಟಲೆ ನೋಡುವ ಹವ್ಯಾಸ ಇಂದು ಅನೇಕ ದೇಶಗಳ ತರುಣರನ್ನು ಹಿಡಿದಿದೆ. ನಾಯಿಯನ್ನೋ ಗಿಳಿಯನ್ನೋ ಸಾಕಿದವರಿಗೆ ಇದು ವಿಚಿತ್ರವೆನಿಸಬಹುದು. ಇರುವೆಯನ್ನು ಮುದ್ದಿಸುವಂತಿಲ್ಲ; ಕರೆದರೆ ಅದು ಬರುವುದೂ ಇಲ್ಲ. ಹೀಗಿದ್ದರೂ ಪುಸ್ತಕದಷ್ಟೇ ಜಾಗದಲ್ಲಿ, ಬೆಲ್ಲದ ನೀರು ಮತ್ತು ನಾಲ್ಕಾರು ಸತ್ತ ಹುಳುಗಳ ಖರ್ಚಿನಲ್ಲಿ, ಹುಟ್ಟು, ಪಾಲನೆ, ದುಡಿಮೆ, ಕಾವಲು, ಶುಶ್ರೂಷೆ ಇವೆಲ್ಲ ನಡೆಯುವ ಒಂದು ಸಮಾಜವನ್ನು ಮೇಜಿನ ಮೇಲೆ ಇಟ್ಟುಕೊಳ್ಳಲು ಬೇರೆ ಯಾವ ಪ್ರಾಣಿಯೂ ಅವಕಾಶ ಕೊಡಲಾರದು.

ಬಡಗಿಗಳ ಬಳಗ

ಗೊದ್ದ ಅಥವಾ ಕಟ್ಟಿರುವೆಯನ್ನು ಅರಿಯದ ಕನ್ನಡಿಗರಿಲ್ಲ. ಮಾವು, ಹುಣಿಸೆ, ಜಾಲಿಯ ಮರಗಳ ಬುಡದಲ್ಲಿ ಸಡಿಲ ಮಣ್ಣಿನ ಗುಪ್ಪೆ ಎಬ್ಬಿಸಿ ನೆಲದೊಳಗೆ ಗೂಡು ಮಾಡುವ, ಉದ್ದ ಕಾಲುಗಳ ಕರಿಯ ಇರುವೆ ಇದು. ಕೀಟಶಾಸ್ತ್ರಜ್ಞರು ಇದನ್ನು ಕಾಂಪೊನೋಟಸ್ ಕಂಪ್ರೆಸಸ್ ಎಂದು ಕರೆಯುತ್ತಾರೆ. ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ಎಂಬ ವಿದ್ವಾಂಸನು 1787ರಲ್ಲಿಯೇ ಇದನ್ನು ವರ್ಣಿಸಿದ್ದನು. ಕಾಂಪೊನೋಟಸ್ ಎಂಬ ಜಾತಿನಾಮವನ್ನು ಆಸ್ಟ್ರಿಯದ ಗುಸ್ಟಾವ್ ಮಾಯರನು ಕೊಟ್ಟುದು 1861ರಲ್ಲಿ. ಈ ಜಾತಿಯಲ್ಲಿ ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಇರುವೆಗಳಲ್ಲಿ ಇದಕ್ಕಿಂತ ದೊಡ್ಡ ಬಳಗಗಳು ಕೆಲವೇ.

ಈ ಬಳಗಕ್ಕೆ ಇಂಗ್ಲಿಷರು ‘ಬಡಗಿ ಇರುವೆ’ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಯೂರೋಪು ಮತ್ತು ಉತ್ತರ ಅಮೆರಿಕದ ಚಳಿದೇಶಗಳಲ್ಲಿರುವ ಇವುಗಳ ದಾಯಾದಿಗಳು ಮರದ ಕಾಂಡವನ್ನೂ ಮನೆಯ ತೊಲೆಗಳನ್ನೂ ಕೊರೆದು ಓಣಿಗಳನ್ನು ಮಾಡಿಕೊಳ್ಳುವುದೇ ಇದಕ್ಕೆ ಕಾರಣ. ಗೆದ್ದಲಿನಂತೆ ಇವು ಮರವನ್ನು ತಿನ್ನುವುದಿಲ್ಲವೆಂಬುದನ್ನು ಗಮನಿಸಬೇಕು. ಕೊರೆದ ಹೊಟ್ಟನ್ನೆಲ್ಲ ಬಾಯಲ್ಲಿ ಕಚ್ಚಿ ತಂದು ಹೊರಗೆ ಸುರಿಯುತ್ತವೆ. ನಮ್ಮ ಗೊದ್ದವಾದರೋ ಹೆಸರಿಗೆ ಮಾತ್ರ ಬಡಗಿ. ಅದರ ಕೆಲಸವೆಲ್ಲ ಮಣ್ಣಿನಲ್ಲಿ. ಒಡ್ಡರ ಇರುವೆ ಎಂದಿದ್ದರೆ ಹೆಚ್ಚು ಒಪ್ಪುತ್ತಿತ್ತೋ ಏನೋ!

ಒಂದೇ ಗೂಡಿನ ಗೊದ್ದಗಳನ್ನು ನೋಡಿದರೆ ಅವು ಬೇರೆ ಬೇರೆ ಪ್ರಭೇದಗಳೇನೋ ಎಂಬ ಭ್ರಮೆಯುಂಟಾಗುತ್ತದೆ. ಅರ್ಧ ಸೆಂಟಿಮೀಟರಿಗಿಂತ ತುಸು ಉದ್ದವಾದ ಸಣ್ಣ ಕೆಲಸಗಾರರಿಂದ ಹಿಡಿದು ಒಂದೂವರೆ ಸೆಂಟಿಮೀಟರಿನಷ್ಟಿರುವ, ದೊಡ್ಡ ತಲೆಯ, ಬಲವಾದ ದವಡೆಗಳ ಭಾರಿ ಕೆಲಸಗಾರರವರೆಗೆ ನಾನಾ ಗಾತ್ರದವು ಅದರಲ್ಲಿರುತ್ತವೆ. ಇವೆಲ್ಲವೂ ಒಂದೇ ತಾಯಿಯ ಹೆಣ್ಣುಮಕ್ಕಳು. ಗೊದ್ದಕ್ಕೆ ಕೊಂಡಿಯಿಲ್ಲ. ದವಡೆಯಿಂದ ಕಚ್ಚಿ, ಉದರದ ತುದಿಯಿಂದ ಫಾರ್ಮಿಕ್ ಆಮ್ಲವನ್ನು ಚಿಮುಕಿಸುತ್ತದೆ, ಅಷ್ಟೇ. ದೊಡ್ಡ ಗೊದ್ದದ ಕಡಿತ ಚುರುಕೆನ್ನುವುದಾದರೂ ಸಾಮಾನ್ಯವಾಗಿ ಅದರಿಂದ ಅಪಾಯವಿಲ್ಲ. ಹವ್ಯಾಸಿಗೆ ಈ ಇರುವೆ ಒಗ್ಗುವುದಕ್ಕೆ ಇದೂ ಒಂದು ಕಾರಣ.

ಗಾಜಿನೊಳಗೆ ಇರುವೆಯನ್ನು ಇಟ್ಟವರು

ಇರುವೆಗಳನ್ನು ಗಾಜಿನ ಪಾತ್ರೆಗಳಲ್ಲಿಟ್ಟು ನೋಡುವ ಕ್ರಮ ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರೇಯೋಮ್ಯೂರನು ಹೀಗೆ ನೋಡಿ ಬರೆದಿಟ್ಟ ಹಸ್ತಪ್ರತಿಯು ಅಚ್ಚಾದುದು 1926ರಲ್ಲಿ! ಆದರೆ ಈ ವಿದ್ಯೆಯನ್ನು ಒಂದು ಶಿಸ್ತಿಗೆ ತಂದವನು ಇಂಗ್ಲೆಂಡಿನ ಸರ್ ಜಾನ್ ಲಬಕ್. ಈತ ವೃತ್ತಿಯಿಂದ ಬ್ಯಾಂಕುದಾರ, ಪಾರ್ಲಿಮೆಂಟಿನ ಸದಸ್ಯ, ಡಾರ್ವಿನ್ನನ ನೆರೆಯವ. ಎರಡು ಗಾಜಿನ ಹಲಗೆಗಳ ನಡುವೆ ತೆಳುವಾಗಿ ಮಣ್ಣು ಹರಡಿ ಅದರಲ್ಲಿ ಇರುವೆಗಳನ್ನಿಟ್ಟು, ಮೇಲೆ ಮುಚ್ಚಳವಿಟ್ಟು, ಬೇಕೆಂದಾಗ ಮುಚ್ಚಳ ತೆಗೆದು ನೋಡುತ್ತಿದ್ದನು. ಗೂಡಿನ ಮೇಲೆ ಬಣ್ಣಬಣ್ಣದ ಗಾಜುಗಳನ್ನಿಟ್ಟು ಪರೀಕ್ಷಿಸಿದಾಗ, ಇರುವೆಗಳು ನೇರಿಳೆ ಬೆಳಕನ್ನು ಬಿಟ್ಟೋಡಿ ಕೆಂಪು ಗಾಜಿನ ಅಡಿಯಲ್ಲಿ ಕತ್ತಲೆಯಲ್ಲಿದ್ದಂತೆ ನೆಮ್ಮದಿಯಿಂದ ಗುಂಪುಗೂಡುವುದು ಅವನಿಗೆ ಕಂಡುಬಂತು. ಮನುಷ್ಯನ ಕಣ್ಣಿಗೆ ಗೋಚರವಾಗದ ಅತಿನೇರಿಳೆ ಕಿರಣಗಳನ್ನು ಇರುವೆಗಳು ಅರಿಯುತ್ತವೆಂಬುದನ್ನೂ ಆತನೇ ತೋರಿಸಿದನು. 1882ರಲ್ಲಿ ಪ್ರಕಟವಾದ ಆತನ ಪುಸ್ತಕದಿಂದ ಸ್ಫೂರ್ತಿ ಪಡೆದವರು ಬಹು ಮಂದಿ. 1874ರಲ್ಲಿ ಆತನ ಕೈಸೇರಿದ ಒಂದು ರಾಣಿ ಇರುವೆ 1888ರವರೆಗೆ ಬದುಕಿತ್ತು.

ಲಬಕ್ಕನ ಗೂಡಿನಲ್ಲಿ ತೇವವನ್ನು ಹದವಾಗಿ ಉಳಿಸುವುದು ಕಷ್ಟವಾಗಿತ್ತು. ಈ ತೊಡಕನ್ನು ಬಿಡಿಸಿದವನು ಷಾರ್ಲ್ ಜಾನೆ ಎಂಬ ಫ್ರೆಂಚ್ ಎಂಜಿನಿಯರ್. 1890ರ ದಶಕದಲ್ಲಿ ಆತನು ರಂಧ್ರಮಯವಾದ ಪ್ಲಾಸ್ಟರಿನ ಇಟ್ಟಿಗೆಯಲ್ಲಿ ಸಾಲಾಗಿ ಕೋಣೆಗಳನ್ನು ಮಾಡಿ, ಒಂದು ತುದಿಯ ಕುಳಿಯಲ್ಲಿ ಮಾತ್ರ ನೀರು ತುಂಬಿದನು. ನೀರು ಇಟ್ಟಿಗೆಯೊಳಗೆ ಇಂಗುತ್ತ ಹೋದಂತೆ ಮೊದಲ ಕೋಣೆ ಒದ್ದೆ, ನಡುವಿನದು ತೇವ, ಕೊನೆಯದು ಒಣಗಿದ್ದು. ಎಲ್ಲಿರಬೇಕೆಂಬುದನ್ನು ಇರುವೆಗಳೇ ಆರಿಸಿಕೊಂಡವು! ಇಂದಿಗೂ ಹವ್ಯಾಸಿಗಳು ಮಾಡುವ ಗೂಡುಗಳಲ್ಲಿ ಬಹುಮಟ್ಟಿಗೆ ಇದೇ ತತ್ತ್ವ ಅಡಗಿದೆ.

ರಾಣಿಯ ಶೋಧ

ಇರುವೆ ಸಾಕಲು ಹೊರಟವರು ಗುದ್ದಲಿ ಹಿಡಿದು ಮರದ ಬುಡವನ್ನು ಅಗೆಯುವುದು ಸಲ್ಲದು. ಹಾಗೆ ಅಗೆದರೆ ಒಂದು ಊರು ನಾಶವಾಗುವುದೇ ಹೊರತು ಆಳದಲ್ಲಿರುವ ರಾಣಿ ಸಿಕ್ಕುವುದು ಅಪರೂಪ. ಕೆಲಸಗಾರರನ್ನಷ್ಟೇ ಡಬ್ಬಿಗೆ ತುಂಬಿಕೊಂಡರೂ ಪ್ರಯೋಜನವಿಲ್ಲ. ಅವು ಕೆಲವು ತಿಂಗಳು ಬದುಕಿ ಒಂದೊಂದಾಗಿ ಸಾಯುತ್ತವೆ. ಬೇಕಾದುದು, ಕೂಡಿಕೆಯ ಹಾರಾಟ ಮುಗಿಸಿ ನೆಲಕ್ಕಿಳಿದ ಹೊಸ ರಾಣಿ.

ಇರುವೆಗೆ ರೆಕ್ಕೆ ಮೂಡಿದರೆ ಅದಕ್ಕೆ ಕೇಡುಗಾಲ ಬಂತೆಂದು ನಮ್ಮ ಹಿರಿಯರು ಹೇಳುವುದುಂಟು. ಈ ಮಾತು ಗಂಡಿರುವೆಯ ಮಟ್ಟಿಗೆ ಅಕ್ಷರಶಃ ನಿಜ. ಹಾರಾಟ ಮುಗಿದ ಸ್ವಲ್ಪ ಕಾಲದಲ್ಲಿಯೇ ಅದು ಸಾಯುತ್ತದೆ. ಹೆಣ್ಣುಗಳಲ್ಲಿಯೂ ಬಹುಪಾಲು ಹಕ್ಕಿ, ಹಲ್ಲಿ, ಕಪ್ಪೆಗಳ ಪಾಲಾಗುತ್ತವೆ. ಉಳಿದ ಕೆಲವು ನೆಲಕ್ಕಿಳಿದು, ತಮ್ಮ ರೆಕ್ಕೆಗಳನ್ನು ತಾವೇ ಮುರಿದುಕೊಂಡು, ಬಿಲ ತೋಡಲು ತೊಡಗುತ್ತವೆ. ಹವ್ಯಾಸಿಯು ಹುಡುಕಬೇಕಾದುದು ಇವುಗಳನ್ನು.

ಗೆದ್ದಲಿನ ಹುಳುವನ್ನು ರಾಣಿ ಇರುವೆಯೆಂದು ಭಾವಿಸಿ ನಿರಾಶರಾದವರುಂಟು. ಗುರುತು ಕಷ್ಟವಲ್ಲ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು, ಸೊಂಟವೆಂಬುದಿಲ್ಲ, ಕುಡಿಮೀಸೆಗಳು ಮಣಿ ಪೋಣಿಸಿದಂತೆ ನೇರವಾಗಿವೆ. ಇರುವೆಗೆ ಮುಂದಿನ ರೆಕ್ಕೆಗಳು ದೊಡ್ಡವು, ಹಿಂದಿನವು ಚಿಕ್ಕವು. ಸೊಂಟ ಎಳೆಯಂತೆ ಸಪೂರ. ಕುಡಿಮೀಸೆ ಮೊಣಕೈಯಂತೆ ಬಾಗಿದೆ. ರೆಕ್ಕೆ ಕಳಚಿದ ರಾಣಿಯನ್ನು ದೊಡ್ಡ ಕೆಲಸಗಾರನಿಂದ ಬೇರ್ಪಡಿಸುವುದು ಎದೆಯ ಭಾಗ. ಹಾರುವ ಸ್ನಾಯುಗಳು ತುಂಬಿರುವುದರಿಂದ ರಾಣಿಯ ಎದೆ ಉಬ್ಬಿದ್ದು, ಭೂತಗನ್ನಡಿಯಲ್ಲಿ ನೋಡಿದರೆ ರೆಕ್ಕೆ ಮುರಿದ ಗಾಯದ ಗುರುತು ಕಾಣುತ್ತದೆ.

ರಾಷ್ಟ್ರೀಯ ಉದ್ಯಾನಗಳಲ್ಲಿಯೂ ವನ್ಯಧಾಮಗಳಲ್ಲಿಯೂ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಹಿಡಿಯಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಗೊದ್ದಕ್ಕಾಗಿ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಬೀದಿಯ ದೀಪದ ಕಂಬದ ಬುಡ ಸಾಕು.

ಕತ್ತಲೆಯ ಎರಡು ತಿಂಗಳು

ರಾಣಿಗೆ ಮೊದಲ ಮನೆಯಾಗಿ ಪ್ರಯೋಗಶಾಲೆಯ ಪ್ರನಾಳಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. 15 ಸೆಂಟಿಮೀಟರು ಉದ್ದದ, ಹೆಬ್ಬೆರಳಿನ ದಪ್ಪದ ನಳಿಗೆಯೊಂದರ ಮೂರನೆಯ ಒಂದು ಭಾಗಕ್ಕೆ ನೀರು ತುಂಬಿ, ಹತ್ತಿಯ ಉಂಡೆಯನ್ನು ನೀರು ಮುಟ್ಟುವಂತೆ ಬಿಗಿಯಾಗಿ ಒಳದೂಡಬೇಕು. ಹತ್ತಿ ತೊಯ್ದಿರಬೇಕು, ನಳಿಗೆಯನ್ನು ಮಲಗಿಸಿದರೆ ನೀರು ಹರಿಯಬಾರದು. ಉಳಿದ ಖಾಲಿ ಭಾಗದೊಳಗೆ ರಾಣಿಯನ್ನು ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿಯ ಉಂಡೆಯನ್ನು ಗಾಳಿಯಾಡುವಂತೆ ಸಡಿಲವಾಗಿ ತುರುಕಿದರಾಯಿತು. ಮೇಲೆ ಕಪ್ಪು ಬಟ್ಟೆಯನ್ನೋ ಕಾಗದವನ್ನೋ ಸುತ್ತಿ, ಯಾರೂ ಅಲುಗಿಸದ ಕಪಾಟಿನ ಮೂಲೆಯಲ್ಲಿ ಇಡಬೇಕು. ಆಮೇಲೆ ಮಾಡಬೇಕಾದ ಕೆಲಸವೆಂದರೆ ಏನನ್ನೂ ಮಾಡದಿರುವುದು. ತರುಣ ವಾಚಕರಿಗೆ ಇದೇ ಎಲ್ಲಕ್ಕಿಂತ ಕಠಿನವೆಂಬುದನ್ನು ಬಲ್ಲೆವು!

ರಾಣಿಗೆ ಈ ಕಾಲದಲ್ಲಿ ಆಹಾರ ಬೇಡವೆಂದರೆ ಹಲವರು ನಂಬುವುದಿಲ್ಲ. ನಿಸರ್ಗದಲ್ಲಿ ಅದು ಬಿಲದ ಬಾಯಿಯನ್ನು ಒಳಗಿನಿಂದಲೇ ಮುಚ್ಚಿಕೊಂಡು, ಮೊದಲ ಮಕ್ಕಳು ದೊಡ್ಡವಾಗುವವರೆಗೆ ಹೊರಗೆ ಬರುವುದೇ ಇಲ್ಲ. ಇನ್ನು ಬೇಡವಾದ ಹಾರುವ ಸ್ನಾಯುಗಳು ಕರಗುತ್ತವೆ. ಉದರದಲ್ಲಿ ಕೂಡಿಟ್ಟ ಕೊಬ್ಬೂ ಕರಗುತ್ತದೆ. ಆ ಸಾರವೇ ಮೊಟ್ಟೆಯಾಗಿ, ಬಾಯಿಂದ ಬಾಯಿಗೆ ಉಣಿಸುವ ರಸವಾಗಿ, ಮಕ್ಕಳ ಮೈಯಾಗಿ ಮಾರ್ಪಡುತ್ತದೆ. ಆಕಾಶದಲ್ಲಿ ಹಾರಿದ ಆ ಒಂದು ಸಂಜೆಗಾಗಿ ಬೆಳೆದ ಮಾಂಸ ಹೀಗೆ ತೊಟ್ಟಿಲಿನ ಹಾಲಾಗುತ್ತದೆನ್ನಬಹುದು. ಆದರೆ ಈ ಗಂಟು ಒಂದೇ ಬಾರಿಗೆ ಸಾಲುವಷ್ಟಿದೆ. ಪದೇ ಪದೇ ಬೆಳಕು ಬಿದ್ದರೆ, ನಳಿಗೆ ಅಲುಗಿದರೆ, ಬೆದರಿದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಬಿಡುವುದುಂಟು. ಮತ್ತೆ ಮೊಟ್ಟೆಯಿಡಲು ಗಂಟಿನಲ್ಲಿ ಅಷ್ಟು ಉಳಿದಿರಬೇಕಲ್ಲ? ಆದುದರಿಂದ ವಾರಕ್ಕೊಮ್ಮೆ, ಅರ್ಧ ನಿಮಿಷ, ಕೆಂಪು ಕಾಗದ ಕಟ್ಟಿದ ದೀಪದಲ್ಲಿ ನೋಡಿದರೆ ಧಾರಾಳವಾಯಿತು.

ಮೊದಲ ಕೆಲವು ದಿನಗಳಲ್ಲಿ ಗಸಗಸೆಗಿಂತ ತುಸು ದೊಡ್ಡದಾದ, ಉದ್ದನೆಯ ಬಿಳಿಯ ಮೊಟ್ಟೆಗಳ ಸಣ್ಣ ಗುಪ್ಪೆ ಕಾಣಿಸುತ್ತದೆ. ರಾಣಿ ಅದನ್ನು ಎಡೆಬಿಡದೆ ನೆಕ್ಕುತ್ತಿರುತ್ತದೆ. ನೆಕ್ಕದಿದ್ದರೆ ಬೂಷ್ಟು ಹಿಡಿಯುವ ಭಯ. ಮೊಟ್ಟೆಗಳು ಒಡೆದು ಕಾಲಿಲ್ಲದ, ಕಣ್ಣಿಲ್ಲದ ಡಿಂಬಗಳು ಹೊರಬರುತ್ತವೆ. ಬೆಳೆದ ಡಿಂಬವು ರೇಷ್ಮೆಯ ಹುಳುವಿನಂತೆ ತನ್ನ ಸುತ್ತ ಗೂಡನ್ನು ನೇಯ್ದುಕೊಂಡು ಕೋಶಾವಸ್ಥೆಯನ್ನು ಸೇರುತ್ತದೆ. ಇರುವೆಗಳು ಕಚ್ಚಿಕೊಂಡು ಓಡುವ, ಜನರು ‘ಇರುವೆಯ ಮೊಟ್ಟೆ’ ಎಂದು ಕರೆಯುವ ಬೆಳ್ಳನೆಯ ಕಾಳುಗಳು ಬಹುಮಟ್ಟಿಗೆ ಈ ಗೂಡುಗಳೇ. ಅದರ ಒಂದು ತುದಿಯಲ್ಲಿ ಕರಿಯ ಚುಕ್ಕೆಯೊಂದಿರುವುದನ್ನು ಭೂತಗನ್ನಡಿ ತೋರಿಸುತ್ತದೆ. ಡಿಂಬವು ಹುಟ್ಟಿದಂದಿನಿಂದ ಹೊಟ್ಟೆಯಲ್ಲಿ ತಡೆದಿಟ್ಟುಕೊಂಡ ಮಲವನ್ನೆಲ್ಲ ಒಮ್ಮೆಗೇ ಹೊರಹಾಕಿದ ಗುರುತು ಅದು. ಮನೆಯನ್ನು ಇಷ್ಟು ಚೊಕ್ಕಟವಾಗಿಡುವ ಶಿಶುಗಳು ಬೇರೆಲ್ಲಿವೆ!

ಬೆಚ್ಚನೆಯ ಹವೆಯಲ್ಲಿ ಒಂದೂವರೆ ಎರಡು ತಿಂಗಳಿಗೆ ಮೊದಲ ಕೆಲಸಗಾರರು ಹೊರಬರುತ್ತವೆ. ಒಳಗಿನಿಂದ ಗೂಡನ್ನು ಹರಿದು ಬರುವಷ್ಟು ಬಲ ಇವುಗಳಿಗಿಲ್ಲದುದರಿಂದ ತಾಯಿಯೇ ಕತ್ತರಿಸಿ ಎಳೆಯಬೇಕು. ಮಿತವಾದ ಗಂಟಿನಿಂದ ಬೆಳೆದ ಈ ಹಿರಿಯ ಮಕ್ಕಳು ತೀರ ಕುಳ್ಳು, ಬಡಕಲು. ಆದರೆ ಸಂಸಾರದ ಭಾರ ಬೀಳುವುದು ಇವುಗಳ ಮೇಲೆಯೇ. ರಾಣಿ ಇನ್ನು ಮೊಟ್ಟೆಯಿಡುವ ಕೆಲಸವೊಂದನ್ನುಳಿದು ಬಹುಮಟ್ಟಿಗೆ ಎಲ್ಲವನ್ನೂ ಕೈಬಿಡುತ್ತದೆ.

ಎರಡು ತಿಂಗಳು ಕಳೆದರೂ ಮೊಟ್ಟೆಗಳಿಲ್ಲದಿದ್ದರೆ, ಅಥವಾ ಹುಟ್ಟಿದವೆಲ್ಲ ರೆಕ್ಕೆಯ ಗಂಡುಗಳೇ ಆದರೆ, ರಾಣಿಗೆ ಕೂಡಿಕೆಯಾಗಿಲ್ಲವೆಂದು ತಿಳಿಯಬೇಕು. ಇರುವೆಗಳಲ್ಲಿ ಫಲಿತವಾದ ಮೊಟ್ಟೆಯಿಂದ ಹೆಣ್ಣೂ, ಫಲಿತವಾಗದ ಮೊಟ್ಟೆಯಿಂದ ಗಂಡೂ ಹುಟ್ಟುತ್ತವೆ. ಆ ಒಂದು ಸಂಜೆ ಪಡೆದ ವೀರ್ಯವನ್ನು ರಾಣಿ ತನ್ನ ಉದರದ ಚೀಲವೊಂದರಲ್ಲಿ ಕಾದಿರಿಸಿ ಆಯುಷ್ಯವಿಡೀ ಬಳಸುತ್ತದೆ.

ಊಟ, ಮನೆ, ಬೇಲಿ

ಕೆಲಸಗಾರರು ಹುಟ್ಟಿದೊಡನೆ ಆಹಾರ ಕೊಡಲು ತೊಡಗಬೇಕು. ದುಡಿಮೆಗೆ ಸಿಹಿ, ಮಕ್ಕಳ ಬೆಳವಣಿಗೆಗೆ ಮಾಂಸ ಎಂಬ ಲೆಕ್ಕ ನೆನಪಿದ್ದರೆ ಸಾಕು. ಒಂದು ಪಾಲು ಸಕ್ಕರೆ ಅಥವಾ ಬೆಲ್ಲಕ್ಕೆ ಮೂರು ನಾಲ್ಕು ಪಾಲು ನೀರು ಸೇರಿಸಿ, ಹತ್ತಿಯ ಚೂರಿಗೆ ಹೀರಿಸಿ ಇಡಬೇಕು; ತೊಟ್ಟು ತೊಟ್ಟಾಗಿ ಇಟ್ಟರೆ ಸಣ್ಣವು ಅದರಲ್ಲಿ ಮುಳುಗಿ ಸಾಯುತ್ತವೆ. ಮಾಂಸಕ್ಕೆ ಸೊಳ್ಳೆ, ಪತಂಗ, ಮಿಡತೆ, ಜಿರಲೆಯ ಕಾಲು ಯಾವುದಾದರೂ ಆದೀತು. ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಅದರ ಮೈಮೇಲಿನ ಉಣ್ಣೆಗಳು ಸಾಯುತ್ತವೆ. ಕೀಟನಾಶಕ ಹೊಡೆದ ಮನೆಯ ಜಿರಲೆಯನ್ನು ಮಾತ್ರ ಎಂದಿಗೂ ಕೊಡಬಾರದು. ಅದರಿಂದ ಇಡೀ ಗೂಡು ಹಾಳಾಗಬಹುದು. ಉಳಿದ ತುಣುಕುಗಳನ್ನು ಮಾರನೆಯ ದಿನ ತೆಗೆದುಹಾಕಬೇಕು.

ಹೊಸಬರು ಸಾಮಾನ್ಯವಾಗಿ ಆತುರಪಡುವುದು ದೊಡ್ಡ ಗೂಡಿನ ವಿಷಯದಲ್ಲಿ. ಹತ್ತು ಇರುವೆಗಳಿಗೆ ಅರಮನೆ ಕಟ್ಟಿದರೆ ಅವು ಮೂಲೆಯನ್ನು ಹಿಡಿದು, ಉಳಿದ ಕೋಣೆಗಳನ್ನು ಕಸದ ಗುಂಡಿಯಾಗಿ ಮಾಡಿಕೊಳ್ಳುತ್ತವೆ. ಕೆಲಸಗಾರರ ಸಂಖ್ಯೆ ನಲವತ್ತು ಐವತ್ತಾಗುವವರೆಗೆ ನಳಿಗೆಯೇ ಸಾಕು. ಹತ್ತಿ ಬೂಷ್ಟು ಹಿಡಿದರೆ ಹೊಸ ನಳಿಗೆಯೊಂದನ್ನು ಬಾಯಿಗೆ ಬಾಯಿ ಜೋಡಿಸಿ, ಹೊಸದನ್ನು ಕತ್ತಲಾಗಿಸಿ, ಹಳೆಯದಕ್ಕೆ ಬೆಳಕು ಬಿಟ್ಟರೆ ಅವೇ ಸಾಮಾನು ಸರಂಜಾಮಿನೊಡನೆ ಗುಳೆ ಹೊರಡುತ್ತವೆ. ದೂಡುವುದಾಗಲಿ ತಟ್ಟುವುದಾಗಲಿ ಬೇಡ.

ಮುಂದಿನ ಗೂಡಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗಬಹುದು, ಮನೆ ಕಟ್ಟುವವರು ಈಗ ಬಳಸುವ ಹಗುರವಾದ ರಂಧ್ರಮಯ ಕಾಂಕ್ರೀಟಿನ ಇಟ್ಟಿಗೆಯೂ ಆಗಬಹುದು. ಚಾಣದಿಂದ ಬೆರಳಿನಗಲದ ಕೋಣೆಗಳನ್ನು ಕೊರೆದು, ಮೇಲೆ ಗಾಜನ್ನು ಬಿಗಿದು, ಜಾನೆ ಮಾಡಿದಂತೆ ಒಂದು ತುದಿಯಲ್ಲಿ ನೀರಿನ ಕುಳಿಯಿಟ್ಟರೆ ಆಯಿತು. ಗೂಡಿಗೆ ರಬ್ಬರಿನ ಕೊಳವೆಯಿಂದ ಜೋಡಿಸಿದ ಡಬ್ಬಿಯೊಂದು ಅಂಗಳವಾಗಲಿ. ಊಟ ಬಡಿಸುವುದು, ಕಸ ತೆಗೆಯುವುದು ಎಲ್ಲ ಅಲ್ಲಿಯೇ. ಡಬ್ಬಿಯ ಒಳಗೋಡೆಯ ಮೇಲ್ಭಾಗಕ್ಕೆ ಟಾಲ್ಕಂ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಹಚ್ಚಿ ಒಣಗಿಸಿದರೆ ಕಾಲು ಜಾರಿ ಇರುವೆಗಳು ಹತ್ತಲಾರವು.

ಒಳಗಿನವು ಹೊರಗೆ ಬಾರದಂತೆ ತಡೆಯುವುದಕ್ಕಿಂತಲೂ ಹೊರಗಿನವು ಒಳಗೆ ಹೋಗದಂತೆ ತಡೆಯುವುದು ನಮ್ಮ ದೇಶದಲ್ಲಿ ಮುಖ್ಯ. ಅಡುಗೆಮನೆಯ ಸಣ್ಣ ಕೆಂಪಿರುವೆಗಳು ಬೆಲ್ಲದ ವಾಸನೆ ಹಿಡಿದು ಬಂದು, ಎಳೆಯ ಗೊದ್ದದ ಗೂಡನ್ನು ಒಂದೇ ರಾತ್ರಿಯಲ್ಲಿ ಸೂರೆಮಾಡಬಲ್ಲವು. ಇದಕ್ಕೆ ಪರದೇಶದ ಯಾವ ಉಪಕರಣವೂ ಬೇಡ. ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವ ನಮ್ಮ ಅಜ್ಜಿಯರ ಉಪಾಯವೇ ಸಾಕು. ಗೂಡಿನ ಪೆಟ್ಟಿಗೆಯನ್ನು ನಾಲ್ಕು ಬಟ್ಟಲುಗಳ ಮೇಲೆ ನಿಲ್ಲಿಸಿ, ಅವನ್ನು ನೀರು ತುಂಬಿದ ಅಗಲದ ತಟ್ಟೆಯಲ್ಲಿಟ್ಟು, ನೀರಿನ ಮೇಲೆ ಧೂಳು ಕಟ್ಟಿ ಸೇತುವೆಯಾಗದಂತೆ ಆಗಾಗ ಬದಲಿಸಬೇಕು.

ಏನನ್ನು ನೋಡುವುದು?

ಊಟಮಾಡಿ ಬಂದ ಗೊದ್ದದ ಉದರ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಹೊಟ್ಟೆ ಉಬ್ಬಿ, ಕರಿಯ ಬಿಲ್ಲೆಗಳು ದೂರ ಸರಿದು, ನಡುವಿನ ತೆಳುಪೊರೆ ಇಣುಕುವುದೇ ಇದಕ್ಕೆ ಕಾರಣ. ಆ ತುಂಬಿದ ಚೀಲ ಅದರ ಸ್ವಂತ ಜಠರವಲ್ಲ. ಗೂಡಿಗೆಲ್ಲ ಸೇರಿದ ಉಗ್ರಾಣ. ಇನ್ನೊಂದು ಇರುವೆ ಎದುರಾಗಿ ಕುಡಿಮೀಸೆಯಿಂದ ತಟ್ಟಿ ಬೇಡಿದರೆ, ಬಾಯಿಗೆ ಬಾಯಿ ಹಚ್ಚಿ ರಸವನ್ನು ಹಂಚಿಕೊಳ್ಳುತ್ತವೆ. ಈ ರಸವು ಬರಿಯ ಆಹಾರವೆಂದು ಬಹುಕಾಲ ತಿಳಿಯಲಾಗಿತ್ತು. ಫ್ಲಾರಿಡದ ಬಡಗಿ ಇರುವೆಯನ್ನು ಪರೀಕ್ಷಿಸಿದ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು, ಅದರಲ್ಲಿ ಪ್ರೋಟೀನುಗಳೊಡನೆ ಬೆಳವಣಿಗೆಯನ್ನು ನಿಯಂತ್ರಿಸುವ ಹಾರ್ಮೋನೂ ಇರುವುದನ್ನು 2016ರಲ್ಲಿ ತೋರಿಸಿದರು. ಬಾಯಿಂದ ಬಾಯಿಗೆ ಸಾಗುವ ತುತ್ತಿನೊಳಗೆ ಮಕ್ಕಳ ಬೆಳವಣಿಗೆಯ ಆಜ್ಞೆಗಳೂ ಸಾಗುತ್ತವೆನ್ನಬೇಕು.

ಗೊದ್ದವು ಸಿಹಿಯನ್ನೇ ಹೆಚ್ಚಾಗಿ ನೆಚ್ಚಿಕೊಂಡು ಹೇಗೆ ಬದುಕುತ್ತದೆಂಬುದಕ್ಕೂ ಒಂದು ಸ್ವಾರಸ್ಯವಾದ ಉತ್ತರವಿದೆ. ಮರಗಿಡಗಳ ರಸ ಹೀರುವ ಜಿಗಿಹುಳುಗಳನ್ನು ಗೊದ್ದಗಳು ಹಸುಗಳಂತೆ ಕಾಯ್ದು, ಅವು ಸ್ರವಿಸುವ ಸಿಹಿರಸವನ್ನು ಕುಡಿಯುವುದನ್ನು ಜಾಲಿಯ ಗಿಡಗಳ ಮೇಲೆ ಯಾರೂ ನೋಡಬಹುದು. ಇಂತಹ ಆಹಾರದಲ್ಲಿ ಸಕ್ಕರೆ ಹೇರಳ, ಪ್ರೋಟೀನಿಗೆ ಬೇಕಾದ ಸಾಮಗ್ರಿ ಅಲ್ಪ. ಈ ಕೊರತೆಯನ್ನು ತುಂಬುವುದರಲ್ಲಿ ಬಡಗಿ ಇರುವೆಗಳ ಕರುಳಿನ ಜೀವಕೋಶಗಳೊಳಗೆ ವಾಸಿಸುವ ಬ್ಯಾಕ್ಟೀರಿಯಗಳು ನೆರವಾಗುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇವುಗಳನ್ನು ಮೊದಲು ಕಂಡ ಜರ್ಮನಿಯ ಬ್ಲಾಕ್‌ಮನ್ನನ ಹೆಸರನ್ನೇ ಇವುಗಳಿಗೆ ಇಟ್ಟಿದ್ದಾರೆ. ತಾಯಿಯ ಮೊಟ್ಟೆಯೊಡನೆಯೇ ಇವು ಮಕ್ಕಳಿಗೆ ದಾಟುತ್ತವೆ.

ಬಣ್ಣದ ಚುಕ್ಕೆಯಿಟ್ಟು ಒಂದೊಂದು ಇರುವೆಯನ್ನೂ ಗುರುತಿಸುವುದು ಹವ್ಯಾಸಿಗೆ ತಿಳಿದ ಹಳೆಯ ಉಪಾಯ. ಸಣ್ಣ ಕುಂಚದ ತುದಿಯಿಂದ ಎದೆಯ ಮೇಲೆ ಒಂದು ಚುಕ್ಕೆ. ಕಣ್ಣಿಗೂ ಕುಡಿಮೀಸೆಗೂ ತಾಗಬಾರದು. ಇದೇ ಕೆಲಸವನ್ನು ಲೌಸಾನ್ ವಿಶ್ವವಿದ್ಯಾನಿಲಯದವರು ಭಾರಿ ಪ್ರಮಾಣದಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದರು. ಕಾಂಪೊನೋಟಸ್ ಫೆಲ್ಲಾ ಎಂಬ ಪ್ರಭೇದದ ಆರು ಗೂಡುಗಳ ಪ್ರತಿಯೊಂದು ಇರುವೆಯ ಬೆನ್ನಿಗೂ ಸಣ್ಣ ಗುರುತುಚೀಟಿ ಅಂಟಿಸಿ, 41 ದಿನಗಳ ಕಾಲ, ಸೆಕೆಂಡಿಗೆ ಎರಡು ಸಲದಂತೆ ಕಂಪ್ಯೂಟರಿನಿಂದ ಅವುಗಳ ಸ್ಥಾನವನ್ನು ದಾಖಲಿಸಿದರು. ಗೂಡಿನಲ್ಲಿ ಮೂರು ಬಳಗಗಳಿರುವುದು ತಿಳಿಯಿತು. ಎಳೆಯವು ರಾಣಿ ಮತ್ತು ಮರಿಗಳ ಬಳಿ ದಾದಿಯರಾಗಿ, ನಡುವಯಸ್ಸಿನವು ಗೂಡನ್ನು ಗುಡಿಸುವವರಾಗಿ, ಮುದಿಯವು ಹೊರಗೆ ಆಹಾರ ತರುವವರಾಗಿ ಇರುತ್ತವೆ. ಅಪಾಯದ ಕೆಲಸ ಮುದುಕರಿಗೆ! ಕಂಪ್ಯೂಟರಿಲ್ಲದೆಯೂ ಮೂರು ಬಣ್ಣದ ಚುಕ್ಕೆ ಮತ್ತು ಒಂದು ದಿನಚರಿ ಪುಸ್ತಕದಿಂದ ಈ ಬಡ್ತಿಯನ್ನು ಮನೆಯಲ್ಲಿಯೇ ಹಿಂಬಾಲಿಸಬಹುದು.

ಎಲ್ಲಕ್ಕಿಂತ ಬೆರಗುಗೊಳಿಸುವ ಸುದ್ದಿ ಬಂದುದು 2024ರಲ್ಲಿ. ಫ್ಲಾರಿಡದ ಬಡಗಿ ಇರುವೆಗಳಲ್ಲಿ ಗಾಯಗೊಂಡ ಇರುವೆಗೆ ಗೂಡಿನ ಸಂಗಾತಿಗಳು ಶಸ್ತ್ರಚಿಕಿತ್ಸೆ ಮಾಡುವುದನ್ನು ಜರ್ಮನಿಯ ವೂರ್ಟ್ಸ್‌ಬರ್ಗಿನ ವಿಜ್ಞಾನಿಗಳ ತಂಡ ವರದಿಮಾಡಿತು. ತೊಡೆಯ ಭಾಗಕ್ಕೆ ಗಾಯವಾದರೆ ಇತರ ಇರುವೆಗಳು ಮೊದಲು ಗಾಯವನ್ನು ನೆಕ್ಕಿ, ಬಳಿಕ ಕಾಲನ್ನು ಬುಡದಲ್ಲಿ ಕಚ್ಚಿ ಕಚ್ಚಿ ಕತ್ತರಿಸಿಹಾಕುತ್ತವೆ. ಈ ಕಾರ್ಯಕ್ಕೆ 40 ನಿಮಿಷಗಳಷ್ಟು ಕಾಲ ಹಿಡಿಯುತ್ತದೆ. ಗಾಯಾಳು ಬಿಡಿಸಿಕೊಂಡು ಓಡದೆ ಸುಮ್ಮನಿರುತ್ತದೆ. ಗಾಯ ಮೊಣಕಾಲಿನ ಕೆಳಗಿದ್ದರೆ ಕತ್ತರಿಸುವುದಿಲ್ಲ. ಬಹಳ ಹೊತ್ತು ನೆಕ್ಕಿ ತೊಳೆಯುವುದಷ್ಟೇ. ಈ ಭೇದಕ್ಕೆ ಕಾರಣ ಕಾಲಿನ ರಚನೆಯಲ್ಲಿದೆಯೆಂದು ಅವರು ವಿವರಿಸಿದ್ದಾರೆ. ತೊಡೆಯಲ್ಲಿ ರಕ್ತವನ್ನು ಸಾಗಿಸುವ ಸ್ನಾಯುಗಳು ಹೆಚ್ಚು. ಅವಕ್ಕೆ ಪೆಟ್ಟಾದರೆ ರಕ್ತದ ಹರಿವು ನಿಧಾನವಾಗಿ, ನಂಜು ಮೈಗೇರಲು ತಡವಾಗುತ್ತದೆ. ಕತ್ತರಿಸಲು ಸಮಯ ಸಿಕ್ಕುತ್ತದೆ. ಕೆಳಗಾಲಿನಲ್ಲಿ ಅಂತಹ ಸ್ನಾಯುಗಳು ವಿರಳವಾದುದರಿಂದ ನಂಜು ಬೇಗ ಏರುತ್ತದೆ. ಕತ್ತರಿಸಿ ಮುಗಿಸುವಷ್ಟು ಬಿಡುವಿಲ್ಲ. ತೊಡೆಗೆ ಗಾಯವಾಗಿ ಚಿಕಿತ್ಸೆ ಸಿಕ್ಕದ ಇರುವೆಗಳಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆ ಬದುಕಿದರೆ, ಕಾಲು ಕತ್ತರಿಸಿಕೊಂಡವುಗಳಲ್ಲಿ ಸುಮಾರು 90 ಬದುಕಿದವು. ಇತರ ಅನೇಕ ಇರುವೆಗಳ ಎದೆಯಲ್ಲಿ ಕ್ರಿಮಿನಾಶಕ ರಸವನ್ನು ಒಸರುವ ಗ್ರಂಥಿಯೊಂದಿದೆ. ಬಡಗಿ ಇರುವೆಗಳಲ್ಲಿ ಹೆಚ್ಚಿನವು ಅದನ್ನು ಕಳೆದುಕೊಂಡಿವೆ. ಔಷಧದ ಡಬ್ಬಿಯಿಲ್ಲದವರು ಕತ್ತಿಯನ್ನು ಹಿಡಿದರೆನ್ನೋಣವೆ?

ನಮ್ಮ ಗೊದ್ದವೂ ಹೀಗೆ ಮಾಡುತ್ತದೆಯೆ ಎಂದು ತಿಳಿಯುವ ಆಸೆಯಿಂದ ಯಾರೂ ಕತ್ತರಿ ಹಿಡಿದು ಇರುವೆಗಳ ಕಾಲನ್ನು ಕತ್ತರಿಸಬೇಡಿರಿ. ತಾನಾಗಿ ಗಾಯಗೊಂಡದ್ದು ಕಂಡರೆ ದಿನಾಂಕ, ವೇಳೆ, ಗಾಯದ ಸ್ಥಾನಗಳನ್ನು ಬರೆದಿಟ್ಟು, ಮುಂದೇನಾಯಿತೆಂದು ನೋಡಬಹುದು.

ಹವ್ಯಾಸವೂ ವ್ಯಾಪಾರವೂ

ಈ ಹವ್ಯಾಸಕ್ಕೊಂದು ಕರಾಳ ಮುಖವೂ ಇದೆ. ಪರದೇಶದ ಅಪೂರ್ವ ರಾಣಿಗಳಿಗೆ ದೊಡ್ಡ ಬೆಲೆ ಕೊಡುವವರಿರುವುದರಿಂದ ಕಳ್ಳಸಾಗಣೆ ಹುಟ್ಟಿಕೊಂಡಿದೆ. 2025ರ ಏಪ್ರಿಲಿನಲ್ಲಿ ಕೀನ್ಯದಲ್ಲಿ ಬೆಲ್ಜಿಯಮಿನ ಇಬ್ಬರು ಹದಿಹರೆಯದವರು ಸುಮಾರು 5,000 ರಾಣಿ ಇರುವೆಗಳೊಡನೆ ಸಿಕ್ಕಿಬಿದ್ದರು. ಇರುವೆಗಳನ್ನು ಅವರು ಸಾಗಿಸಹೊರಟುದು ನಾವು ಮೇಲೆ ವರ್ಣಿಸಿದಂತಹ ಹತ್ತಿಯಿಟ್ಟ ನಳಿಗೆಗಳಲ್ಲಿಯೇ! ಮುಂದಿನ ತಿಂಗಳು ನ್ಯಾಯಾಲಯವು ಅವರಿಬ್ಬರಿಗೂ ತಲಾ ಹತ್ತು ಲಕ್ಷ ಕೀನ್ಯ ಷಿಲಿಂಗುಗಳ ದಂಡವನ್ನು ವಿಧಿಸಿತು. ಒಂದು ರಾಣಿಯನ್ನು ಒಯ್ದರೆ ಮುಂದೆ ಬೆಳೆಯಬಹುದಾದ ಒಂದು ಗೂಡನ್ನು ಅಲ್ಲಿಯ ನೆಲದಿಂದ ಒಯ್ದಂತೆ. ಇಳಿದ ನಾಡಿನಲ್ಲಿ ಅದು ತಪ್ಪಿಸಿಕೊಂಡು ನೆಲೆಯೂರಿದರೆ ಅಲ್ಲಿಯ ಇರುವೆಗಳಿಗೂ ಬೆಳೆಗಳಿಗೂ ಆಗಬಹುದಾದ ಹಾನಿ ಇನ್ನೊಂದು ಕಡೆ. ಆದುದರಿಂದ ಹಣ ಕೊಟ್ಟು ದೂರದ ಇರುವೆ ತರಿಸುವುದನ್ನು ನಾವು ಯಾರಿಗೂ ಸೂಚಿಸಲಾರೆವು. ತನ್ನ ಊರಿನಲ್ಲಿ, ತನ್ನ ಬೀದಿಯಲ್ಲಿ ಸಿಕ್ಕಿದ ಒಂದು ರಾಣಿ ಸಾಕು. ಹತ್ತಾರು ರಾಣಿಗಳನ್ನು ಕೂಡಿಹಾಕುವುದೂ ಬೇಡ. ಒಂದಕ್ಕೆ ಮೊಟ್ಟೆ ಕಂಡೊಡನೆ ಮಿಕ್ಕವನ್ನು ಸಿಕ್ಕಿದಲ್ಲಿಯೇ ಬಿಟ್ಟುಬರಬಹುದು.

ಚಳಿದೇಶದ ಬಡಗಿ ಇರುವೆಗಳಿಗೆ ವರ್ಷಕ್ಕೊಮ್ಮೆ ಕೆಲವು ತಿಂಗಳ ಶೀತನಿದ್ರೆ ಬೇಕು. ಹವ್ಯಾಸಿಗಳು ಅವನ್ನು ತಂಪುಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಗೊದ್ದಕ್ಕೆ ಆ ಉಪಚಾರ ಬೇಡ. ಮೊದಲ ವರ್ಷ ಅದರ ಸಂಸಾರ ನಿಧಾನವಾಗಿ ಬೆಳೆಯುತ್ತದೆ. ಎರಡನೆಯ ಮೂರನೆಯ ವರ್ಷಗಳಲ್ಲಿ ದೊಡ್ಡ ತಲೆಯ ಕೆಲಸಗಾರರು ಕಾಣಿಸಿಕೊಂಡು ಸಂಖ್ಯೆ ನೂರುಗಳಿಗೆ ಏರುತ್ತದೆ. ಇಲ್ಲಿ ವಿದ್ಯಾರ್ಥಿಗಳು ಮೊದಲೇ ಯೋಚಿಸಬೇಕಾದ ಸಂಗತಿಯೊಂದಿದೆ. ರಾಣಿ ಇರುವೆಗಳು ದೀರ್ಘಾಯುಗಳು. ಯೂರೋಪಿನ ಕರಿಯ ತೋಟದಿರುವೆಯ ರಾಣಿಯೊಂದು ಸಾಕುಗೂಡಿನಲ್ಲಿ 28 ವರ್ಷಕ್ಕೂ ಹೆಚ್ಚು ಕಾಲ ಬದುಕಿದ ದಾಖಲೆಯಿದೆ. ಹೈಸ್ಕೂಲಿನ ಎಂಟನೆಯ ತರಗತಿಯಲ್ಲಿ ಹಿಡಿದ ಗೊದ್ದದ ರಾಣಿ, ಹಿಡಿದವನು ಕಾಲೇಜು ಮುಗಿಸಿ ಪರವೂರಿಗೆ ಕೆಲಸಕ್ಕೆ ಹೊರಡುವ ದಿನವೂ ಮೊಟ್ಟೆಯಿಡುತ್ತಿರಬಹುದು. ಆಗ ಗೂಡನ್ನು ನೋಡಿಕೊಳ್ಳುವವರು ಯಾರು? ತಮ್ಮನೋ ತಂಗಿಯೋ ಒಪ್ಪಿಕೊಂಡರೆ ಸರಿ. ಇಲ್ಲವಾದರೆ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಗೂಡನ್ನು ಹಸ್ತಾಂತರಿಸುವಾಗ ದಿನಚರಿ ಪುಸ್ತಕವನ್ನೂ ಜೊತೆಗೆ ಕೊಡುವುದು ಮೇಲು. ರಾಣಿಯನ್ನು ಹಿಡಿದ ದಿನ ಮತ್ತು ಸ್ಥಳ, ಮೊದಲ ಮೊಟ್ಟೆ, ಮೊದಲ ಕೋಶ, ಮೊದಲ ಕೆಲಸಗಾರ ಕಂಡ ದಿನಗಳು, ಕೋಣೆಯ ಉಷ್ಣತೆ, ಯಾವ ಆಹಾರವನ್ನು ಮುಟ್ಟಿದವು, ಯಾವುದನ್ನು ಬಿಟ್ಟವು ಎಂಬುದೆಲ್ಲ ಅದರಲ್ಲಿದ್ದರೆ ಹೊಸಬನು ಮೊದಲಿನಿಂದ ತಡಕಾಡಬೇಕಾಗಿಲ್ಲ.